ಪೌಡರ್ ಹಚ್ಕೊಂಡು ಬಾ: ಕ್ಯಾಮೆರಾ ಮತ್ತು ನಮ್ಮ ಮೈಬಣ್ಣದ ಇತಿಹಾಸ

ಭಾಗ 1/11

ಫೋಟೋದಾಗ ಇರೋದು ನಮ್ಮ ಆಯಿಯ ಕೈ. ಮುಖ ಯಾಕೆ ಹಾಕಿಲ್ಲ ಅಂತ ಕೊನೇ ಭಾಗದಾಗ ಹೇಳ್ತೀನಿ.

ಹೋದ ವರ್ಷ ಬೇಸಿಗೆಯಲ್ಲಿ ಆಯಿಯನ್ನ ಒಂದು ಕಂಪ್ಯೂಟರ್ ಸೆಂಟರ್‌ಗೆ ಕರ್ಕೊಂಡು ಹೋಗಿದ್ದೆ. ಒಂದು ಕಾಗದದ ಕೆಲಸಕ್ಕೆ ಅವರ ಗುರುತು ಖಾತ್ರಿ ಆಗಬೇಕಿತ್ತು. ಬೆರಳು ಮೊದಲೇ ಬರೋದಿಲ್ಲ. ನಲವತ್ತು ವರ್ಷ ಹತ್ತಿ ಬಿಡಿಸಿ, ಕಳೆ ಕಿತ್ತು, ಮೆಣಸಿನಕಾಯಿ ಹರಿದು ಬೆರಳಿನ ಗೆರೆ ಸವೆದು ಹೋಗಿವೆ. ಹಂಗಾಗಿ ಮುಖ ಸ್ಕ್ಯಾನ್ ಮಾಡೋಣ ಅಂದ್ರು. ಕಣ್ಣು ಮಿಟುಕಿಸು ಅಂತ ಫೋನ್ ಹೇಳ್ತು, ಆಯಿ ಮಿಟುಕಿಸಿದರು. ಒಂದ್ ಸಲ, ಎರಡ್ ಸಲ, ಏಳ್ ಸಲ. ಆಗಲಿಲ್ಲ.

ಹಿಂದೆ ಸರದಿಯಲ್ಲಿ ಹತ್ತಿಪ್ಪತ್ತು ಜನ. ಕೂತಿದ್ದ ಹುಡುಗ ಬೇಜಾರಾಗಿ ಅಂದ: "ಮುಖಾನೇ ಹಿಡೀವಲ್ದು ನೋಡ್ ಯಮ್ಮಾ. ನಾಳೆ ಒಂಚೂರು ಪೌಡರ್ ಹಚ್ಕೊಂಡು ಬಾ."

ಅವ ಕೆಟ್ಟವನಲ್ಲ, ನಗಸಾಕ ಅಂದಿದ್ದ. ಸರದಿಯಲ್ಲಿ ಇದ್ದವರೂ ನಕ್ಕರು. ಆಯಿ ಸೆರಗಿನಿಂದ ಮುಖ ಒರೆಸಿಕೊಂಡರು, ಬೆವರು ಒರೆಸಿಕೊಂಡಂಗ. ಬಸ್ಸಿನಲ್ಲಿ ಗಬ್ಬೂರು ಬರೋ ತನಕ ಮಾತಾಡಲಿಲ್ಲ.

ಅವತ್ತಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಕ್ಯಾಮೆರಾಕ್ಕೆ ಕಾಣದಿದ್ರೆ ಅದು ಮುಖದ ತಪ್ಪಾ, ಕ್ಯಾಮೆರಾದ ತಪ್ಪಾ? ಓದ್ತಾ ಹೋದೆ. ಈ ಪ್ರಶ್ನೆಗೆ ನೂರೈವತ್ತು ವರ್ಷದ ಇತಿಹಾಸ ಐತಿ ಅಂತ ಗೊತ್ತಾಯ್ತು. ಅದನ್ನೇ ಹನ್ನೊಂದು ಭಾಗದಾಗ ಬರೀತೀನಿ. ಉದ್ದ ಐತಿ, ಸ್ಕ್ರೋಲ್ ಮಾಡಿ ಹೋಗಬ್ಯಾಡ್ರಿ.

ಭಾಗ 2/11

ಇಲ್ಲಿ ಎರಡು ಫೋಟೋ ಅದಾವ. ಎರಡರಲ್ಲೂ ಇರೋದು ನಮ್ಮೂರ ಒಂದು ಹಳೇ ಗುಡಿಯ ಅದೇ ಕರಿಕಲ್ಲಿನ ಕಂಬ, ತೆಗೆದಿದ್ದು ಅದೇ ಫೋನ್, ಅದೇ ಮಧ್ಯಾಹ್ನ. ಮೊದಲನೇದರಲ್ಲಿ ಕಂಬದ ಹಿಂದೆ ಬಿಸಿಲಿನ ಬಾಗಿಲು ಐತಿ. ಕೆತ್ತನೆ ಒಂದೂ ಕಾಣಲ್ಲ, ಕಪ್ಪು ಹಲಗೆ ಇಟ್ಟಂಗ ಐತಿ. ಎರಡನೇದಕ್ಕೆ ನಾನು ತಿರುಗಿ ನಿಂತು, ಬಾಗಿಲು ನನ್ನ ಬೆನ್ನಿಗೆ ಬರೋ ಹಂಗ ತೆಗೆದೆ. ಬಳ್ಳಿ, ಗಂಟೆ, ನರ್ತಕಿಯ ಕಾಲಿನ ಗೆಜ್ಜೆ ಎಲ್ಲ ಕಾಣ್ತಾವ.

ಕಲ್ಲು ಬದಲಾಗಿಲ್ಲ. ಬದಲಾಗಿದ್ದು ಕ್ಯಾಮೆರಾದ ಲೆಕ್ಕ.

ಕ್ಯಾಮೆರಾ ತಾನಾಗಿಯೇ ಎಷ್ಟು ಬೆಳಕು ತಗೋಬೇಕು ಅಂತ ಹೆಂಗ ತೀರ್ಮಾನ ಮಾಡ್ತದ? ಹಳೇ ಪದ್ಧತಿ ಸರಳ: ಎದುರಿಗೆ ಇರೋದೆಲ್ಲ ಸೇರಿ ಸರಾಸರಿ ಒಂದು ನಡುವಣ ಬೂದು ಬಣ್ಣ ಆಗ್ತದ ಅಂತ ಅಂದುಕೊಳ್ಳೋದು. ಬೆಳಕಿನ ಶೇ 18ರಷ್ಟನ್ನ ವಾಪಸ್ ಕೊಡೋ ಬೂದು ಬಣ್ಣದ ಕಾರ್ಡ್ ಫೋಟೋಗ್ರಾಫರುಗಳ ಹತ್ರ ಇವತ್ತಿಗೂ ಇರ್ತದ, ಅಳತೆಗೆ. ಹಿಂದೆ ಬೆಳ್ಳಗಿನ ಬಾಗಿಲು ಇದ್ರೆ "ಬೆಳಕು ಜಾಸ್ತಿ ಆಯ್ತು" ಅಂತ ಕ್ಯಾಮೆರಾ ಒಟ್ಟು ಚಿತ್ರವನ್ನೇ ಕತ್ತಲು ಮಾಡ್ತದ. ಆಗ ಬೆಳ್ಳಗಿನ ಮುಖ ಸ್ವಲ್ಪ ಮಂಕಾಗ್ತದ, ಕಪ್ಪಗಿನ ಮುಖ ಪೂರ್ತಿ ಮುಳುಗಿ ಹೋಗ್ತದ. ಈಗಿನ ಫೋನುಗಳು ಮುಖ ಹುಡುಕಿ ಅದಕ್ಕೆ ತಕ್ಕಂಗ ಬೆಳಕು ಸರಿ ಮಾಡ್ತಾವ. ಆದ್ರ ಮುಖ ಸಿಕ್ಕರೆ ತಾನೇ ಸರಿ ಮಾಡೋದು?

ಆ ಸೆಂಟರ್‌ನಲ್ಲೂ ಆಯಿಯ ಬೆನ್ನಿಗೆ ಬಾಗಿಲಿತ್ತು. ಹೊರಗ ರಾಯಚೂರಿನ ಏಪ್ರಿಲ್ ಬಿಸಿಲು. ಅಲ್ಲಿ ಆಗಿದ್ದಕ್ಕೆ ಬೆಳಕೂ ಕಾರಣ ಇರಬಹುದು, ಸಾಫ್ಟ್‌ವೇರೂ ಇರಬಹುದು. ಯಾರೂ ಬಾಗಿಲ ಕಡೆ ನೋಡಲಿಲ್ಲ. ಎಲ್ಲರೂ ಆಯಿಯ ಮುಖ ನೋಡಿದರು.

ಭಾಗ 3/11

ಇದು ಸಿಂಗಲ್ ಫೋಟೋ: ನಮ್ಮ ಮನೆಯ ಒಡೆದ ಕನ್ನಡಿ. ಯಾಕಂದ್ರ ಮೊದಲ ಕಾಲದ ಫೋಟೋಗಳು ಗಾಜಿನ ಮೇಲೇ ಮೂಡ್ತಿದ್ದವು.

1851ರಲ್ಲಿ ಇಂಗ್ಲೆಂಡಿನ ಫ್ರೆಡ್ರಿಕ್ ಸ್ಕಾಟ್ ಆರ್ಚರ್ ಕೊಲೋಡಿಯನ್ ಅನ್ನೋ ಅಂಟು ದ್ರವ ಬಳಿದ ಗಾಜಿನ ಪ್ಲೇಟಿನ ವಿಧಾನ ಪ್ರಕಟ ಮಾಡಿದ. ಮುಂದೆ ಸುಮಾರು ಮೂವತ್ತು ವರ್ಷ ಜಗತ್ತೆಲ್ಲ ಅದೇ ನಡೀತು. ಆ ಪ್ಲೇಟಿಗೆ ಒಂದು ಗುಣ ಇತ್ತು. ನೀಲಿ ಬೆಳಕು ಅದಕ್ಕೆ ಚೆನ್ನಾಗಿ ಕಾಣ್ತಿತ್ತು, ಕೆಂಪು ಮತ್ತು ಹಳದಿ ಬಹುತೇಕ ಕಾಣ್ತಿರಲಿಲ್ಲ. ನೀಲಿ ಆಕಾಶ ಬೆಳ್ಳಗೆ ಬರ್ತಿತ್ತು, ಕೆಂಪು ಸೀರೆ ಕಪ್ಪಗೆ. ನಮ್ಮ ಮೈಬಣ್ಣದಾಗ ಇರೋದು ಕೆಂಪು, ಹಳದಿ, ಕಂದು. ಅಂದ್ರ ಆ ಕಾಲದ ಫೋಟೋದಾಗ ಇಲ್ಲಿಯ ಜನ ನಿಜಕ್ಕೂ ಇದ್ದದ್ದಕ್ಕಿಂತ ಕಪ್ಪಗೆ ಮೂಡ್ತಿದ್ದರು. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಬಣ್ಣ ಬೆರೆಸಿ ಪ್ಲೇಟಿನ ಕಣ್ಣು ಅಗಲ ಮಾಡೋ ದಾರಿ ಕಂಡುಹಿಡಿದ. ಎಲ್ಲ ಬಣ್ಣಕ್ಕೂ ಸ್ಪಂದಿಸೋ ಪ್ಲೇಟು ಮಾರುಕಟ್ಟೆಗೆ ಬರೋದಕ್ಕೆ 1906 ಆಯ್ತು.

ಇದೇ ಹೊತ್ತಿಗೆ ಬ್ರಿಟಿಷರು ನಮ್ಮನ್ನ ಫೋಟೋ ಹಿಡಿದು ಪಟ್ಟಿ ಮಾಡ್ತಿದ್ದರು. 1857ರ ದಂಗೆ ಆದ ಮೇಲೆ "ಇವರು ಯಾರು ಯಾರು" ಅಂತ ತಿಳಕೊಳ್ಳೋ ಆತುರ ಅವರಿಗೆ. 1868ರಿಂದ 1875ರ ನಡುವೆ "ದಿ ಪೀಪಲ್ ಆಫ್ ಇಂಡಿಯಾ" ಅಂತ 8 ಸಂಪುಟ ಲಂಡನ್ನಿನಲ್ಲಿ ಬಂತು. ನಾನೂರಕ್ಕೂ ಹೆಚ್ಚು ಫೋಟೋ, ಪಕ್ಕದಲ್ಲಿ ಜಾತಿ, ಬುಡಕಟ್ಟು, ಇವರ ಸ್ವಭಾವ ಹಿಂಗೆ ಅಂತ ಷರಾ. ಮುಖ ನೋಡಿ ಮನುಷ್ಯನನ್ನ ಒಂದು ಖಾನೆಗೆ ಹಾಕೋ ಕೆಲಸ ಕಂಪ್ಯೂಟರ್ ಬಂದ ಮೇಲೆ ಶುರುವಾದದ್ದಲ್ಲ.

ನಮ್ಮ ರಾಯಚೂರು ಆಗ ಹೈದರಾಬಾದ್ ನಿಜಾಮರ ಕೆಳಗೆ. ಅಲ್ಲಿನ ದರ್ಬಾರಿನ ಫೋಟೋಗ್ರಾಫರ್ ರಾಜಾ ದೀನ್ ದಯಾಳ್ 1892ರಲ್ಲಿ ಹೆಂಗಸರಿಗಂತಲೇ ಬೇರೆ ಸ್ಟುಡಿಯೋ ತೆರೆದರು. ಒಳಗ ಫೋಟೋ ತೆಗೆಯೋರೂ ಹೆಂಗಸೇ. ನನ್ನ ಮುಖ ಯಾರು ನೋಡಬೇಕು ಅನ್ನೋ ಪ್ರಶ್ನೆಯೂ ಅಷ್ಟೇ ಹಳೇದು.

ಭಾಗ 4/11

ಫೋಟೋ: ಚಾಕೊಲೇಟ್ ಕವರ್. ತಮಾಷೆ ಅಲ್ಲ, ಓದ್ರಿ.

ಬಣ್ಣದ ಫಿಲ್ಮ್ ಬಂದ ಮೇಲೆ ಲ್ಯಾಬಿನವರಿಗೆ ಒಂದು ಅಳತೆ ಬೇಕಾಯ್ತು. ಪ್ರಿಂಟ್‌ನಲ್ಲಿ ಬಣ್ಣ ಸರಿ ಬಂತೋ ಇಲ್ಲೋ ಹೆಂಗ ಗೊತ್ತಾಗಬೇಕು? ಕೊಡಾಕ್ ಕಂಪನಿ 1950ರ ದಶಕದಾಗ ಒಂದು ಮಾದರಿ ಫೋಟೋ ಕಳಿಸೋಕೆ ಶುರು ಮಾಡ್ತು. ಅದರಾಗ ಬಿಳಿ ಬಣ್ಣದ ಒಬ್ಬ ಹೆಣ್ಣುಮಗಳು. ಮೊದಲ ಮಾಡೆಲ್ ಹೆಸರು ಶರ್ಲಿ, ಅದಕ್ಕೇ ಆ ಕಾರ್ಡಿಗೆ "ಶರ್ಲಿ ಕಾರ್ಡ್" ಅಂತ ಹೆಸರು ಬಿತ್ತು. ಶರ್ಲಿಯ ಚರ್ಮ ಚೆನ್ನಾಗಿ ಬಂದ್ರೆ ಮಷಿನ್ ಸರಿ ಐತಿ ಅಂತ ಲೆಕ್ಕ. ಮುಂದೆ ಮಾಡೆಲ್ ಬದಲಾದರು, ಹೆಸರು ಉಳೀತು, ಬಿಳಿ ಬಣ್ಣವೂ ಉಳೀತು.

ಕಪ್ಪು ಮಗು, ಬಿಳಿ ಮಗು ಒಂದೇ ಬೆಂಚಿನಲ್ಲಿ ಕೂತ ಶಾಲೆಯ ಫೋಟೋ ತೆಗೆದ್ರೆ ಬಿಳಿ ಮಗುವಿನ ಮುಖ ಸರಿಯಾಗಿ ಬರ್ತಿತ್ತು, ಕಪ್ಪು ಮಗುವಿನದ್ದು ಹಲ್ಲು, ಕಣ್ಣು ಅಷ್ಟೇ. ತಾಯಂದಿರು ದೂರಿದರು. ಆದ್ರ ಈ ವಿಷಯ ಅಧ್ಯಯನ ಮಾಡಿದ ಲೋರ್ನಾ ರಾತ್ ಅನ್ನೋ ಕೆನಡಾದ ಪ್ರೊಫೆಸರ್ ಬರೀತಾರ: ಕಂಪನಿ ಕಂದು ಬಣ್ಣದ ಕಡೆ ಗಟ್ಟಿಯಾಗಿ ತಲೆ ಹಾಕಿದ್ದು ಚಾಕೊಲೇಟ್ ತಯಾರಿಸೋರು, ಮರದ ಫರ್ನಿಚರ್ ಮಾರೋರು ಬೇಜಾರು ಮಾಡ್ಕೊಂಡ ಮೇಲೆ. ಡಾರ್ಕ್ ಚಾಕೊಲೇಟ್ ಮತ್ತು ಮಿಲ್ಕ್ ಚಾಕೊಲೇಟ್ ಜಾಹೀರಾತಿನಲ್ಲಿ ಒಂದೇ ತರ ಕಾಣ್ತಿದ್ವು ಅಂತೆ.

1980ರ ದಶಕದಾಗ ಕೊಡಾಕ್ ಗೋಲ್ಡ್ ಫಿಲ್ಮ್ ಬಂತು, ಕಂದು ಬಣ್ಣಗಳ ವ್ಯತ್ಯಾಸ ಹಿಡಿಯೋದು. ಬೇರೆ ಬೇರೆ ಮೈಬಣ್ಣದ ಹೆಂಗಸರು ಒಟ್ಟಿಗೆ ಕೂತ ಕಾರ್ಡ್ ಬಂದಿದ್ದು 1990ರ ದಶಕದಾಗ.

ನಾನು ಬಿ.ಕಾಂ ಓದೋಳು, ನನಗೆ ಇದು ಹಿಂಗ ಕಾಣ್ತದ: ತಾಯಂದಿರು ಬಿಡಿ ಬಿಡಿ ಗಿರಾಕಿಗಳು, ಚಾಕೊಲೇಟ್ ಕಂಪನಿ ದೊಡ್ಡ ಗಿರಾಕಿ. ತಂತ್ರಜ್ಞಾನಕ್ಕೆ ಆಗದ ಕೆಲಸ ಅದಾಗಿರಲಿಲ್ಲ. ಯಾರ ದೂರಿಗೆ ಬೆಲೆ ಅನ್ನೋದೇ ಪ್ರಶ್ನೆ ಆಗಿತ್ತು.

ಭಾಗ 5/11

ಫೋಟೋ: ನನ್ನ ಕಾಲೇಜ್ ಐಡಿ ಕಾರ್ಡ್, ಹೆಸರು ಮುಚ್ಚಿದ್ದೀನಿ.

1970, ಅಮೆರಿಕ. ಪೊಲರಾಯ್ಡ್ ಕಂಪನಿಯಲ್ಲಿ ಕ್ಯಾರೊಲಿನ್ ಹಂಟರ್ ಅನ್ನೋ ಕಪ್ಪು ಹೆಣ್ಣುಮಗಳು ಕೆಮಿಸ್ಟ್ ಆಗಿದ್ದರು. ಕೆನ್ ವಿಲಿಯಮ್ಸ್ ಅಲ್ಲೇ ಫೋಟೋಗ್ರಾಫರ್. ಒಂದು ದಿನ ಆಫೀಸಿನ ಬೋರ್ಡ್ ಮೇಲೆ ಮಾದರಿ ಐಡಿ ಕಾರ್ಡ್ ನೋಡಿದರು. ಅದರ ಮೇಲೆ ದಕ್ಷಿಣ ಆಫ್ರಿಕಾದ ಗಣಿ ಇಲಾಖೆಯ ಹೆಸರು.

ಆಗ ದಕ್ಷಿಣ ಆಫ್ರಿಕಾದಾಗ ವರ್ಣಭೇದ ಸರ್ಕಾರ. ಕಪ್ಪು ಜನ ತಮ್ಮದೇ ದೇಶದಾಗ ಓಡಾಡಲಿಕ್ಕೆ ಫೋಟೋ ಇರೋ ಪಾಸ್‌ಬುಕ್ ಇಟ್ಕೊಬೇಕು. ಇಲ್ಲಾಂದ್ರ ಜೈಲು. ಆ ಪಾಸ್‌ಬುಕ್ಕಿನ ಫೋಟೋಗೆ ಪೊಲರಾಯ್ಡ್ ಕ್ಯಾಮೆರಾ ಬಳಕೆ ಆಗ್ತಿತ್ತು. ಕೆಲವೇ ನಿಮಿಷದಾಗ ಫೋಟೋ ತಯಾರು.

ಹಂಟರ್, ವಿಲಿಯಮ್ಸ್ ಸುಮ್ಮನೆ ಕೂಡಲಿಲ್ಲ. ಕರಪತ್ರ ಹಚ್ಚಿದರು, ಸಂಘ ಕಟ್ಟಿದರು, ಪೊಲರಾಯ್ಡ್ ಖರೀದಿ ಮಾಡಬ್ಯಾಡ್ರಿ ಅಂತ ಜನರಿಗೆ ಕರೆ ಕೊಟ್ಟರು. ಹಂಟರ್ ಅವರ ಕೆಲಸ ಹೋಯ್ತು. ಏಳು ವರ್ಷ ಆದ ಮೇಲೆ, 1977ರಲ್ಲಿ, ಕಂಪನಿ ದಕ್ಷಿಣ ಆಫ್ರಿಕಾದಿಂದ ಹೊರಗೆ ಬಂತು.

ಈ ಕಥೆ ಯಾಕೆ ಹೇಳಿದೆ ಅಂದ್ರ, ಹಿಂದಿನ ಭಾಗ ಓದಿದವರಿಗೆ "ಕ್ಯಾಮೆರಾ ಕಪ್ಪು ಮುಖ ಸರಿಯಾಗಿ ಹಿಡಿದ್ರೆ ಮುಗೀತು" ಅನಿಸಿರಬಹುದು. ದಕ್ಷಿಣ ಆಫ್ರಿಕಾದ ಸರ್ಕಾರಕ್ಕೂ ಕಪ್ಪು ಮುಖ ಸರಿಯಾಗಿ ಬರಬೇಕಿತ್ತು, ಹಿಡಿದು ನಿಲ್ಲಿಸೋದಕ್ಕೆ. ಅಲ್ಲಿ ಕ್ಯಾಮೆರಾ ಎಷ್ಟು ಚಲೋ ಆದ್ರೆ ಜನರ ಪಾಡು ಅಷ್ಟು ಕೆಟ್ಟದು. ನಿಖರತೆ ಒಂದು, ನ್ಯಾಯ ಇನ್ನೊಂದು. ಎರಡನ್ನೂ ಬೇರೆ ಬೇರೆ ಕೇಳಬೇಕಾಗ್ತದ. ಇದು ನೆನಪಿಟ್ಕೊಳ್ರಿ, ಹತ್ತನೇ ಭಾಗಕ್ಕೆ ಬೇಕು.

ಭಾಗ 6/11

ಫೋಟೋ: ಅವ್ವ ಅಪ್ಪನ ಮದುವೆ ಫೋಟೋ, ಹಿಂದೆ ಸ್ಟುಡಿಯೋದ ಪರದೆಯ ಮೇಲೆ ಬರೆದ ಜಲಪಾತ. (ಅವ್ವನ ಪರ್ಮಿಷನ್ ಐತಿ.)

ಈಗ ನಮ್ಮ ಮನೆ ಕಡೆ ಬರೋಣ. ನಮ್ಮ ದೇಶದಾಗೂ ಫಿಲ್ಮ್ ಮಾಡ್ತಿದ್ದರು ಗೊತ್ತಾ? 1960ರಲ್ಲಿ ಶುರುವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಅನ್ನೋ ಸರ್ಕಾರಿ ಕಾರ್ಖಾನೆ ಊಟಿಯಲ್ಲಿತ್ತು. ಫಿಲ್ಮ್ ಹೆಸರು "ಇಂದು". ಕಪ್ಪು ಬಿಳುಪು.

ಕಪ್ಪು ಬಿಳುಪಿನಲ್ಲಿ ನಮ್ಮ ಜನರನ್ನ ಎಷ್ಟು ಚೆಂದ ತೆಗೀಬಹುದು ಅಂತ ನೋಡಬೇಕಾದ್ರೆ ಮೈಸೂರಿನ ಟಿ.ಎಸ್. ಸತ್ಯನ್ ಅವರ ಫೋಟೋ ಹುಡುಕ್ರಿ. 1923ರಲ್ಲಿ ಹುಟ್ಟಿದವರು, 1977ರಲ್ಲಿ ಪದ್ಮಶ್ರೀ ಬಂತು. ಹೊಲದ ಹೆಂಗಸರು, ಬೀದಿಯ ಮಕ್ಕಳು, ಸಿಡುಬು ನಿರ್ಮೂಲನೆಯ ಕಾಲದ ಹಳ್ಳಿಗಳು. ಕಪ್ಪು ಮುಖಗಳ ಒಂದೊಂದು ಗೆರೆಯೂ ಕಾಣ್ತದ. ಸಾಮಾನು ಅದೇ ಕಾಲದ್ದು. ಮುಖ ನೋಡಿ, ಅದಕ್ಕೆ ಬೇಕಾದ ಬೆಳಕು ಹುಡುಕಿ ಆಮೇಲೆ ಬಟನ್ ಒತ್ತೋ ತಾಳ್ಮೆ ಅವರದ್ದು.

ನಮ್ಮ ಊರ ಕಡೆಯ ಸ್ಟುಡಿಯೋಗಳು ಹಿಡಿದ ದಾರಿ ಬೇರೆ. ಬೆಳಕು ಸರಿ ಮಾಡೋ ಬದಲು ಮುಖ ಸರಿ ಮಾಡೋದು. ಮೊದಲು ಪೌಡರ್ ಡಬ್ಬಿ, ಕನ್ನಡಿ, ಬಾಚಣಿಗೆ ಇರೋ ಮೂಲೆ. ಕಂಪ್ಯೂಟರ್ ಬಂದ ಮೇಲೆ ಮೌಸ್. ಎಸ್‌ಎಸ್‌ಎಲ್‌ಸಿ ಅರ್ಜಿಗೆ ಪಾಸ್‌ಪೋರ್ಟ್ ಫೋಟೋ ತೆಗೆಸಿದಾಗ "ಕಲರ್ ಸ್ವಲ್ಪ ಏರಸ್ಲೇನ್ ತಂಗಿ?" ಅಂತ ಕೇಳಿದರು. ನಾನು ಹ್ಞೂಂ ಅಂದೆ. ಸುಳ್ಳು ಹೇಳಲ್ಲ, ಖುಷಿಯಾಗಿತ್ತು. ಆ ಫೋಟೋದಾಗ ಇರೋ ಹುಡುಗಿ ನನ್ನ ಅಕ್ಕ ಅಂದ್ರ ನಂಬ್ತೀರಿ.

ಫೇರ್ ಅಂಡ್ ಲವ್ಲಿ ಕ್ರೀಮ್ ಬಂದಿದ್ದು 1975ರಲ್ಲಿ. ಹೆಸರಿನಿಂದ "ಫೇರ್" ತೆಗೆದಿದ್ದು 2020ರಲ್ಲಿ. ನಲವತ್ತೈದು ವರ್ಷ ನಾವೂ ದುಡ್ಡು ಕೊಟ್ಟು ಶರ್ಲಿ ಕಾರ್ಡ್ ಖರೀದಿ ಮಾಡಿದ್ವಿ ಅಂತ ಲೆಕ್ಕ. ಸೆಂಟರ್‌ನ ಆ ಹುಡುಗ ಅಂದ ಮಾತು ಅವನದ್ದಲ್ಲ. ನಮ್ಮೆಲ್ಲರ ಮನೆಯಲ್ಲೂ ಇರೋದನ್ನೇ ಅವ ಜೋರಾಗಿ ಅಂದ.

ಭಾಗ 7/11

ಫೋಟೋ: ಗ್ರೂಪ್ ಸೆಲ್ಫಿ, ಎಲ್ಲರ ಮುಖದ ಸುತ್ತ ಹಳದಿ ಚೌಕ. ಎಣಿಸಿ ನೋಡ್ರಿ, ಏಳು ಜನ, ಆರು ಚೌಕ.

ಕಂಪ್ಯೂಟರ್ ಮುಖ ಹುಡುಕೋದು ಹೆಂಗ? 2001ರಲ್ಲಿ ಪಾಲ್ ವಿಯೋಲಾ, ಮೈಕಲ್ ಜೋನ್ಸ್ ಅನ್ನೋ ಇಬ್ಬರು ಒಂದು ವೇಗದ ವಿಧಾನ ಕೊಟ್ಟರು. ಡಿಜಿಟಲ್ ಕ್ಯಾಮೆರಾಗಳ ಹಳದಿ ಚೌಕ ಜನಪ್ರಿಯ ಆಗಿದ್ದು ಅದರ ನಂತರವೇ. ಉಪಾಯ ಏನಂದ್ರ ಬೆಳಕು ನೆರಳಿನ ವ್ಯತ್ಯಾಸ. ಕಣ್ಣಿನ ಸಾಲು ಕೆನ್ನೆಗಿಂತ ಕಪ್ಪು, ಮೂಗಿನ ದಂಡೆ ಎರಡೂ ಪಕ್ಕಕ್ಕಿಂತ ಬೆಳಕು. ಇಂಥ ಸಾವಿರಾರು ಚೌಕಗಳನ್ನ ಹೋಲಿಸಿ "ಇದು ಮುಖ" ಅಂತ ಹೇಳ್ತದ. ಬೆಳಕು ಕಡಿಮೆ ಇದ್ದಾಗ ಕಪ್ಪು ಮುಖದಾಗ ಕಣ್ಣು ಕೆನ್ನೆಯ ವ್ಯತ್ಯಾಸವೇ ಕಡಿಮೆಯಾಗ್ತದ, ಮಷಿನ್ ಮುಂದಕ್ಕೆ ಹೋಗ್ತದ.

2009ರಲ್ಲಿ ಅಮೆರಿಕದ ಒಂದು ಅಂಗಡಿಯ ಇಬ್ಬರು ಸಹೋದ್ಯೋಗಿಗಳು ವಿಡಿಯೋ ಹಾಕಿದರು. ಎಚ್‌ಪಿ ಕಂಪ್ಯೂಟರಿನ ವೆಬ್‌ಕ್ಯಾಮ್ ಬಿಳಿ ಹೆಣ್ಣುಮಗಳ ಮುಖದ ಹಿಂದೆ ತಿರುಗ್ತದ, ಕಪ್ಪು ಗಂಡಸು ಬಂದ್ರೆ ಸುಮ್ಮನೆ ನಿಲ್ತದ. ಲಕ್ಷಾಂತರ ಜನ ನೋಡಿದರು. ಮುಂದಿನಿಂದ ಬೀಳೋ ಬೆಳಕು ಸಾಲದ್ದಕ್ಕೆ ಹಂಗಾಗಬಹುದು ಅಂತ ಕಂಪನಿ ಹೇಳ್ತು. ಅದೇ ಬೆಳಕಿನಲ್ಲಿ ಇನ್ನೊಬ್ಬರಿಗೆ ಕೆಲಸ ಮಾಡ್ತಿತ್ತಲ್ಲ?

ಈಗಿನ ಎಐ ಚೌಕದ ಲೆಕ್ಕ ಮಾಡಲ್ಲ, ಫೋಟೋ ನೋಡಿ ನೋಡಿ ತಾನೇ ಕಲೀತದ. ಆಗ ಯಾವ ಫೋಟೋ ನೋಡ್ತು ಅನ್ನೋದೇ ಮುಖ್ಯ. 2007ರಲ್ಲಿ ಬಂದ ಒಂದು ಹೆಸರುವಾಸಿ ಸಂಗ್ರಹದಾಗ 13,233 ಫೋಟೋ, 5,749 ಜನ. ಎಲ್ಲ ಇಂಟರ್‌ನೆಟ್ ಸುದ್ದಿಯಿಂದ ಆರಿಸಿದ್ದು. ಅದರಾಗ ಜಾರ್ಜ್ ಡಬ್ಲ್ಯೂ. ಬುಷ್ ಅವರೊಬ್ಬರದೇ 530 ಫೋಟೋ! ಸುದ್ದಿಯಲ್ಲಿ ಯಾರು ಇದ್ದರೋ ಅವರದ್ದೇ ಮುಖ ಮಷಿನ್‌ಗೆ ಪಾಠ ಆಯ್ತು. ಹತ್ತಿ ಹೊಲದಾಗ ಬಗ್ಗಿದವರು ಸುದ್ದಿಯಲ್ಲಿ ಯಾವಾಗ ಬರ್ತಾರ?

ಭಾಗ 8/11

ಫೋಟೋ: ನನ್ನ ಆಡಿಟಿಂಗ್ ನೋಟ್ಸ್. ಕ್ಲಾಸಿನಾಗ ನಿದ್ದೆ ಮಾಡಿದವರೆಲ್ಲ ಇದನ್ನ ಓದ್ರಿ.

ಜಾಯ್ ಬುವೊಲಮ್ವಿನಿ ಆಗ ಅಮೆರಿಕದ ಎಂಐಟಿ ವಿದ್ಯಾರ್ಥಿನಿ ಆಗಿದ್ದರು, ಕಪ್ಪು ಹುಡುಗಿ. ತನ್ನ ಪ್ರಾಜೆಕ್ಟ್ ಮಾಡುವಾಗ ಕ್ಯಾಮೆರಾ ಅವರ ಮುಖ ಹಿಡೀಲಿಲ್ಲ. ಬಿಳಿ ಮುಖವಾಡ ಹಾಕ್ಕೊಂಡರು, ಹಿಡೀತು. ಇದನ್ನ ಓದಿದಾಗ ನನಗೆ ಆಯಿ ನೆನಪಾದರು. ಪೌಡರ್ ಹಚ್ಕೊಂಡು ಬಾ ಅಂದಿದ್ದೂ ಅದೇ ತಾನೆ?

ಅವರು ಅತ್ತು ಸುಮ್ಮನಾಗಲಿಲ್ಲ, ಆಡಿಟ್ ಮಾಡಿದರು. ಟಿಮ್ನಿಟ್ ಗೆಬ್ರು ಜೊತೆ ಸೇರಿ ರುವಾಂಡಾ, ಸೆನೆಗಲ್, ದಕ್ಷಿಣ ಆಫ್ರಿಕಾ, ಐಸ್‌ಲ್ಯಾಂಡ್, ಫಿನ್ಲೆಂಡ್, ಸ್ವೀಡನ್ ದೇಶಗಳ ಸಂಸದರ 1,270 ಫೋಟೋ ಸೇರಿಸಿದರು. ಮೈಕ್ರೋಸಾಫ್ಟ್, ಐಬಿಎಂ, ಫೇಸ್ ಪ್ಲಸ್ ಪ್ಲಸ್ ಮೂರು ಕಂಪನಿಗಳ ಸಾಫ್ಟ್‌ವೇರ್‌ಗೆ ಒಂದೇ ಸುಲಭ ಪ್ರಶ್ನೆ: ಇದು ಗಂಡೋ ಹೆಣ್ಣೋ?

2018ರಲ್ಲಿ ಫಲಿತಾಂಶ ಬಂತು. ಬೆಳ್ಳಗಿನ ಗಂಡಸರಲ್ಲಿ ತಪ್ಪು ಶೇ 0.8 ದಾಟಲಿಲ್ಲ. ಕಪ್ಪಗಿನ ಹೆಂಗಸರಲ್ಲಿ ಶೇ 34.7ರ ತನಕ ಹೋಯ್ತು.

ಕಂಪನಿಗಳು ಅಲ್ಲೀ ತನಕ ಒಟ್ಟು ಸರಾಸರಿ ಹೇಳ್ತಿದ್ದವು. ಕಾಮರ್ಸ್ ಓದೋರಿಗೆ ಈ ಆಟ ಗೊತ್ತು. ನಾಕು ಬ್ರಾಂಚಿನ ಲಾಭ ಒಟ್ಟು ತೋರಿಸಿದ್ರೆ ಒಂದು ಬ್ರಾಂಚ್ ಮುಳುಗಿದ್ದು ಕಾಣಲ್ಲ. ಬ್ರಾಂಚ್‌ವಾರು ಲೆಕ್ಕ ಕೇಳಿದಾಗಲೇ ಬಣ್ಣ ಬಯಲಾಗೋದು. ಜಾಯ್ ಮತ್ತು ಟಿಮ್ನಿಟ್ ಮಾಡಿದ್ದು ಅಷ್ಟೇ: ಗಂಡು ಹೆಣ್ಣು, ಕಪ್ಪು ಬಿಳುಪು ಅಂತ ನಾಕು ಕಾಲಂ ಹಾಕಿದರು.

ಆಮೇಲೆ ಮತ್ತೆ ಪರೀಕ್ಷೆ ಮಾಡಿದಾಗ ಅದೇ ಮೂರು ಕಂಪನಿಗಳ ತಪ್ಪು ಬಹಳ ಇಳಿದಿತ್ತು. ಅಂದ್ರ ಸರಿ ಮಾಡಲಿಕ್ಕೆ ಬರ್ತಿತ್ತು. ಯಾರೋ ಕಾಲಂ ಹಾಕಿ ತೋರಿಸೋ ತನಕ ಮಾಡಿರಲಿಲ್ಲ.

ಭಾಗ 9/11

ಫೋಟೋ: ನಮ್ಮ ಕ್ಲಾಸಿನ ಹತ್ತು ಕೈ, ಸಾಲಾಗಿ. ಒಂದೂ ಇನ್ನೊಂದರ ಬಣ್ಣ ಇಲ್ಲ.

ಕಪ್ಪು, ಬಿಳುಪು ಅಂತ ಎರಡೇ ಖಾನೆ ಹಾಕಿದ್ರೆ ನಾವು ಎಲ್ಲಿ? ವಿಜ್ಞಾನಿಗಳು ಬಹಳ ದಿನ ಬಳಸಿದ್ದು ಫಿಟ್ಜ್‌ಪ್ಯಾಟ್ರಿಕ್ ಪಟ್ಟಿ. 1975ರಲ್ಲಿ ಒಬ್ಬ ಚರ್ಮದ ಡಾಕ್ಟರ್ ಮಾಡಿದ್ದು, ಬಿಸಿಲಿಗೆ ಯಾವ ಚರ್ಮ ಎಷ್ಟು ಸುಡ್ತದ ಅಂತ ತಿಳಿಯೋಕೆ. ಮೊದಲು ಅದರಾಗ ಇದ್ದದ್ದು ಬಿಳಿ ಚರ್ಮದ ನಾಕು ವಿಧ ಮಾತ್ರ. ಕಂದು, ಕಪ್ಪು ಅಂತ ಎರಡು ಖಾನೆ ಆಮೇಲೆ ಸೇರಿಸಿದರು. ಅರ್ಧಕ್ಕಿಂತ ಹೆಚ್ಚು ಪಟ್ಟಿ ಅವರಿಗೆ, ಉಳಿದ ಜಗತ್ತಿಗೆಲ್ಲ ಎರಡು! 2022ರಲ್ಲಿ ಗೂಗಲ್ ಹತ್ತು ಬಣ್ಣದ ಹೊಸ ಪಟ್ಟಿ ಬಿಡುಗಡೆ ಮಾಡ್ತು, ಎಲಿಸ್ ಮಾಂಕ್ ಅನ್ನೋ ಸಮಾಜಶಾಸ್ತ್ರಜ್ಞರು ಮಾಡಿದ್ದು. 2023ರಲ್ಲಿ ಸೋನಿಯ ಸಂಶೋಧಕರು ಇನ್ನೊಂದು ಮಾತು ಸೇರಿಸಿದರು: ತಿಳಿ, ಗಾಢ ಅಷ್ಟೇ ಅಳೆದ್ರೆ ಸಾಲದು, ಚರ್ಮದ ಕೆಂಪು ಛಾಯೆ, ಹಳದಿ ಛಾಯೆಯನ್ನೂ ಅಳೀಬೇಕು. ನಮ್ಮ ಅವ್ವಂದಿರು ಸೀರೆ ಆರಿಸೋವಾಗ "ಈಕೀದು ಗೋಧಿ ಬಣ್ಣ, ಆಕೀದು ಎಣ್ಣೆಗೆಂಪು" ಅಂತ ಯಾವತ್ತಿಂದಲೋ ಹೇಳ್ತಾರ.

ನಮ್ಮ ದೇಶದ ಆಡಿಟ್ ಆಗೈತಾ? ಆಗೈತಿ. 2021ರಲ್ಲಿ ಗೌರವ್ ಜೈನ್, ಸ್ಮೃತಿ ಪರ್ಶೀರಾ ಇಬ್ಬರೂ ಚುನಾವಣಾ ಅಭ್ಯರ್ಥಿಗಳ ಸಾರ್ವಜನಿಕ ಫೋಟೋ ತಗೊಂಡರು. ಒಟ್ಟು 32,184 ಮುಖ. ನಾಕು ಕಂಪನಿಗಳ ಸಾಫ್ಟ್‌ವೇರ್‌ಗೆ ಹಾಕಿ ನೋಡಿದರು. ಗಂಡಸರಿಗಿಂತ ಭಾರತೀಯ ಹೆಂಗಸರ ವಿಷಯದಲ್ಲಿ ತಪ್ಪು ಜಾಸ್ತಿ.

ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ 2019ರಲ್ಲಿ 189 ಅಲ್ಗಾರಿದಂ ಪರೀಕ್ಷೆ ಮಾಡಿತ್ತು. ಅಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು: ಬಹಳಷ್ಟು ಅಲ್ಗಾರಿದಂ ಏಷ್ಯಾದವರನ್ನ ಒಬ್ಬರಿಗೊಬ್ಬರು ಅದಲು ಬದಲು ಮಾಡ್ತಾವ, ಆದ್ರ ಚೀನಾದಾಗ ತಯಾರಾದ ಹಲವು ಅಲ್ಗಾರಿದಂಗಳಿಗೆ ಪೂರ್ವ ಏಷ್ಯಾದ ಮುಖಗಳಲ್ಲಿ ಆ ತೊಂದರೆ ಕಡಿಮೆ. ಯಾರ ಮುಖ ನೋಡಿ ಕಲೀತೋ ಅವರ ಮುಖ ಬರ್ತದ. ನಮ್ಮ ಮಾಸ್ತರರು ಹೇಳಿದಂಗ, ಪುಸ್ತಕದಾಗ ಇಲ್ಲದ್ದು ಪರೀಕ್ಷೆಗೆ ಬಂದ್ರ ಯಾರಿಗೂ ಕಷ್ಟ.

ಭಾಗ 10/11

ಫೋಟೋ: ಬಸ್ ಸ್ಟ್ಯಾಂಡಿನ ಕಂಬದ ಮೇಲಿನ ಕ್ಯಾಮೆರಾ. ಈ ಭಾಗ ಸ್ವಲ್ಪ ಗಂಭೀರ.

ಮುಖ ಗುರುತಿಸೋ ಮಷಿನ್ ಎರಡು ತರ ತಪ್ಪು ಮಾಡ್ತದ. ಒಂದು, ನೀನು ನೀನೇ ಇದ್ರೂ "ನೀನಲ್ಲ" ಅನ್ನೋದು. ಎರಡು, ನೀನು ಬೇರೆಯವರಾಗಿದ್ರೂ "ನೀನೇ ಅವ" ಅನ್ನೋದು. ಹೋಲಿಕೆಯ ಅಂಕ ಎಷ್ಟಕ್ಕೆ ಪಾಸ್ ಅಂತ ಮನುಷ್ಯರೇ ನಿಗದಿ ಮಾಡ್ತಾರ. ಅಂಕ ಏರಿಸಿದ್ರೆ ಮೊದಲ ತಪ್ಪು ಜಾಸ್ತಿ, ಇಳಿಸಿದ್ರೆ ಎರಡನೇದು ಜಾಸ್ತಿ.

ಮೊದಲ ತಪ್ಪು ಎಲ್ಲಿ ಬಡೀತದ? 2025ರ ಜುಲೈನಿಂದ ಅಂಗನವಾಡಿಯ ಮನೆಗೆ ಕೊಡೋ ಆಹಾರಕ್ಕೂ ಪೋಷಣ್ ಟ್ರ್ಯಾಕರ್ ಆಪಿನಾಗ ಮುಖ ತೋರಿಸೋದು ಕಡ್ಡಾಯ ಆಯ್ತು. ಗರ್ಭಿಣಿ, ಬಾಣಂತಿಯರ ಮುಖ. ನೂರಕ್ಕೆ ಒಬ್ಬರದ್ದು ಬರಲಿಲ್ಲ ಅಂತ ಸುಮ್ಮನೆ ಲೆಕ್ಕಕ್ಕೆ ಇಟ್ಕೊಳ್ರಿ. ಶೇ 99 ಅಂದ್ರ ಡಿಸ್ಟಿಂಕ್ಷನ್. ಆದ್ರ ಸಾವಿರ ಜನರಿದ್ದ ಕಡೆ ಹತ್ತು ಜನ ಬರಿಗೈಲಿ ಮನೆಗೆ.

ಎರಡನೇ ತಪ್ಪು? 2020ರ ಜನವರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು ರಾಬರ್ಟ್ ವಿಲಿಯಮ್ಸ್ ಅನ್ನೋ ಕಪ್ಪು ಮನುಷ್ಯನನ್ನ ಮನೆ ಮುಂದೆ, ಹೆಂಡತಿ ಮಕ್ಕಳ ಎದುರು ಹಿಡಿದರು. ಅಂಗಡಿ ಕಳ್ಳತನದ ವಿಡಿಯೋಕ್ಕೆ ಮಷಿನ್ ಅವರ ಮುಖ ತಪ್ಪಾಗಿ ಹೊಂದಿಸಿತ್ತು. ನಮ್ಮ ದೆಹಲಿಯಲ್ಲಿ ಕಾಣೆಯಾದ ಮಕ್ಕಳನ್ನ ಹುಡುಕೋ ಸಾಫ್ಟ್‌ವೇರ್ ಬಗ್ಗೆ 2018ರಲ್ಲಿ ಪೊಲೀಸರೇ ಹೈಕೋರ್ಟಿಗೆ ನಿಖರತೆ ಶೇ 2 ಅಂದಿದ್ದರು. ಮರುವರ್ಷ ಕೇಂದ್ರ ಸಚಿವಾಲಯ ಅದು ಶೇ 1ಕ್ಕಿಂತ ಕಡಿಮೆ, ಗಂಡುಮಗು ಹೆಣ್ಣುಮಗು ವ್ಯತ್ಯಾಸವೂ ತಿಳೀವಲ್ದು ಅಂತು.

ಈಗ ಐದನೇ ಭಾಗದ ಮಾತು. ಮಷಿನ್ ಶೇ 100 ಸರಿಯಾದ್ರೆ? 2021ರಲ್ಲಿ ಹೈದರಾಬಾದಿನಾಗ, ನಮ್ಮ ಹಿರಿಯರ ಹಳೇ ರಾಜಧಾನಿಯಲ್ಲಿ, ಎಸ್.ಕ್ಯೂ. ಮಸೂದ್ ಅನ್ನೋ ಸಾಮಾಜಿಕ ಕಾರ್ಯಕರ್ತರನ್ನ ಪೊಲೀಸರು ರಸ್ತೆಯಲ್ಲಿ ನಿಲ್ಲಿಸಿ ಮಾಸ್ಕ್ ತೆಗೆ ಅಂದರು, ಫೋಟೋ ಹೊಡೆದರು. ಯಾಕೆ, ಆ ಫೋಟೋ ಎಲ್ಲಿಗೆ ಹೋಗ್ತದ ಅಂತ ಅವರು ತೆಲಂಗಾಣ ಹೈಕೋರ್ಟಿಗೆ ಹೋದರು. 2022ರ ಜನವರಿಯಲ್ಲಿ ಕೋರ್ಟ್ ಸರ್ಕಾರಕ್ಕೆ ನೋಟಿಸ್ ಕೊಟ್ಟಿತು. ಅವರ ಪ್ರಶ್ನೆ ಮೈಬಣ್ಣದ್ದಲ್ಲ, ಒಪ್ಪಿಗೆಯದ್ದು.

ಭಾಗ 11/11

ಫೋಟೋ: ಬೇವಿನ ಮರ, ಸುಣ್ಣದ ಗೋಡೆ.

ಹಂಗಾದ್ರ ಏನ್ ಮಾಡ್ಬೇಕು? ಇಷ್ಟು ಓದಿದ ಮೇಲೆ ನನಗೆ ತಿಳಿದಿದ್ದು ಮೂರು.

ಒಂದು, ಆಪ್ ತರೋರು ಒಟ್ಟು ಸರಾಸರಿ ಹೇಳಬಾರದು. ಗಂಡು ಹೆಣ್ಣು, ವಯಸ್ಸು, ಮೈಬಣ್ಣ, ಜಿಲ್ಲೆವಾರು ಲೆಕ್ಕ ಕೊಡಬೇಕು. ಎಸಿ ರೂಮಿನಾಗ ಅಲ್ಲ, ನಮ್ಮ ಬಿಸಿಲಿನಾಗ, ನಮ್ಮ ಹತ್ತು ಸಾವಿರದ ಫೋನಿನಾಗ ಪರೀಕ್ಷೆ ಮಾಡಬೇಕು. ಎರಡು, ಮುಖ ಬರಲಿಲ್ಲ ಅಂದ್ರ ಬೇರೆ ದಾರಿ ಇರಬೇಕು. ಆಧಾರ್ ಕೇಸಿನ 2018ರ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಈ ಮಾತು ಹೇಳಿದೆ: ದೃಢೀಕರಣ ವಿಫಲ ಆಯ್ತು ಅಂತ ಸೌಲಭ್ಯ ನಿರಾಕರಿಸೋ ಹಂಗಿಲ್ಲ, ಬೇರೆ ವಿಧಾನದಿಂದ ಗುರುತು ತೋರಿಸಲು ಅವಕಾಶ ಇರಬೇಕು. ಇದನ್ನ ಸ್ಕ್ರೀನ್‌ಶಾಟ್ ಹೊಡ್ಕೊಳ್ರಿ, ಯಾರಿಗಾದ್ರೂ ಬೇಕಾಗ್ತದ. ಮೂರು, ಕೇಳಿ ಫೋಟೋ ತೆಗೀಬೇಕು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ತೀರ್ಪಿಗೆ ಹೆಸರು ಕೊಟ್ಟವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕೋರ್ಟ್ ಮೆಟ್ಟಿಲು ಹತ್ತಿದಾಗ ಅವರ ವಯಸ್ಸು ಎಂಬತ್ತರ ಮೇಲೆ. ಆಯಿಗಿಂತ ದೊಡ್ಡವರು.

ಆಯಿಯ ಕೆಲಸ ಏನಾಯ್ತು? ಮರುದಿನ ಪೌಡರ್ ಹಚ್ಚಲಿಲ್ಲ. ಅದೇ ಸೆಂಟರ್‌ಗೆ ಹೋಗಿ ಆ ಹುಡುಗನಿಗೆ "ಅಣ್ಣಾ, ಫೋನ್ ತಗೊಂಡು ಒಂದ್ ನಿಮಿಷ ಹೊರಗ ಬರ್ರಿ" ಅಂದೆ. ಅಂಗಡಿ ಪಕ್ಕದಾಗ ಬೇವಿನ ಮರ, ಎದುರಿಗೆ ಸುಣ್ಣ ಬಳಿದ ಗೋಡೆ. ಆಯಿಯನ್ನ ನೆರಳಿನಾಗ, ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ವಿ. ಗೋಡೆಯ ಬೆಳಕು ಮೆಲ್ಲಗೆ ಮುಖದ ಮೇಲೆ ಬಿತ್ತು. ಆಯಿ ಕಣ್ಣು ಮಿಟುಕಿಸಿದರು. ಒಂದೇ ಸಲಕ್ಕೆ ಆಯ್ತು.

ಆ ಹುಡುಗ ಈಗ ಎಲ್ಲ ವಯಸ್ಸಾದವರನ್ನೂ ಆ ಮರದ ಕೆಳಗೇ ಕರ್ಕೊಂಡು ಹೋಗ್ತಾನ. ಮೊನ್ನೆ ಹೋದಾಗ ನೋಡಿದೆ, ಒಂದು ಸ್ಟೂಲೂ ಹಾಕಿದ್ದ.

ಈ ಸರಣಿಗೆ ಆಯಿಯ ಮುಖದ ಫೋಟೋ ಹಾಕಬೇಕು ಅಂತ ನನಗೆ ಬಹಳ ಆಸೆ ಇತ್ತು. ಎಷ್ಟು ಚೆಂದ ಬಂದದ ಅಂದ್ರ, ಹಣೆಯ ಹಚ್ಚೆಯ ಚುಕ್ಕಿ ಕೂಡ ಕಾಣ್ತದ. ಕೇಳಿದೆ. ಆಯಿ ಫೋನ್ ಕೈಯಾಗ ಹಿಡಿದು ಬಹಳ ಹೊತ್ತು ನೋಡಿದರು. "ಚಲೋ ಬಂದೀನಿ" ಅಂದರು. ಆಮೇಲೆ, "ಆದ್ರ ಊರ ಮಂದಿಗೆಲ್ಲ ಯಾಕ ಬಿಡವ್ವ, ಕೈ ಹಾಕು."

ಅದಕ್ಕೇ ಮೊದಲ ಭಾಗದಾಗ ಕೈ.

ನಿಮ್ಮ ಮನೆಯಲ್ಲಿ ಹಿಂಗ ಆಗಿದ್ರ ಕಾಮೆಂಟ್ ಮಾಡ್ರಿ, ಹೆಸರು, ನಂಬರ್, ಫೋಟೋ ಹಾಕದೇ.

#ಗಬ್ಬೂರು #ದೇವದುರ್ಗ #ರಾಯಚೂರು #ಕ್ಯಾಮೆರಾಇತಿಹಾಸ #ನಮ್ಮಬಣ್ಣ